ಕೋಡ್ ಕಾಣಿಸಿದ್ದೆಲ್ಲ ಓಪನ್ ಸೋರ್ಸ್ ಅಲ್ಲ

ಕನ್ನಡದಲ್ಲಿ ಟೈಪ್ ಮಾಡುವವರ ಕಂಪ್ಯೂಟರಿನಲ್ಲಿ ಫಾಂಟುಗಳಿಗೆ ಬರವಿಲ್ಲ. ಮೈಕ್ರೋಸಾಫ್ಟ್‌ನ ತುಂಗಾ ಒಂದು. ಗೂಗಲ್‌ನಿಂದ ಇಳಿಸಿಕೊಂಡ ನೋಟೊ ಸಾನ್ಸ್ ಕನ್ನಡ ಮತ್ತೊಂದು. ಲಿನಕ್ಸ್ ಬಳಸುವವರಾದರೆ ಗುಬ್ಬಿಯೋ ನವಿಲೋ ಇದ್ದೀತು. ಇವುಗಳಲ್ಲಿ ಯಾವುದಕ್ಕೂ ನಾವು ಪ್ರತ್ಯೇಕವಾಗಿ ದುಡ್ಡು ಕೊಟ್ಟಿರುವುದಿಲ್ಲ, ಪರದೆಯ ಮೇಲೆ ಎಲ್ಲವೂ ಅಕ್ಷರ ಮೂಡಿಸುತ್ತವೆ. ಆದರೆ ತುಂಗಾದಲ್ಲಿ ಒಂದು ಒತ್ತಕ್ಷರ ಸರಿಯಾಗಿ ಕೂತಿಲ್ಲ ಎನ್ನಿಸಿದರೆ ಮೈಕ್ರೋಸಾಫ್ಟ್‌ಗೆ ಬರೆದು ಕಾಯುವುದಷ್ಟೇ ನಮ್ಮ ಕೈಲಿರುವುದು. ತಿದ್ದಿ ನಾಲ್ಕು ಜನರಿಗೆ ಹಂಚುವ ಹಕ್ಕು ನಮಗಿಲ್ಲ. ಅದೇ ಕೊರತೆ ನೋಟೊದಲ್ಲಿ ಕಂಡಿತೆನ್ನಿ. ಫಾಂಟ್ ತಯಾರಿಕೆ ಬಲ್ಲ ಯಾರು ಬೇಕಾದರೂ ಅದರ ಮೂಲ ಕಡತ ತೆರೆದು ತಿದ್ದಬಹುದು, ತಿದ್ದಿದ್ದನ್ನು ಊರಿಗೆಲ್ಲ ಹಂಚಬಹುದು. ಪತ್ರಿಕೆ, ಪಠ್ಯಪುಸ್ತಕ, ಅಂಗಡಿಯ ಬೋರ್ಡು, ಮೊಬೈಲ್ ಆ್ಯಪ್ ಎಲ್ಲದಕ್ಕೂ ಬಳಸಬಹುದು. ಯಾರನ್ನೂ ಕೇಳಬೇಕಿಲ್ಲ.

ಈ ‘ಕೇಳಬೇಕಿಲ್ಲ’ ಎಂಬುದೇ ಓಪನ್ ಸೋರ್ಸ್‌ನ ಜೀವಾಳ. ಆದರೆ ಆ ಹೆಸರು ಈಚೆಗೆ ಬಲು ಸಡಿಲವಾಗಿ ಓಡಾಡುತ್ತಿದೆ. ಪುಕ್ಕಟೆ ಸಿಕ್ಕರೆ ಓಪನ್ ಸೋರ್ಸ್, ಗಿಟ್‌ಹಬ್‌ನಲ್ಲಿ ಕೋಡ್ ಕಂಡರೆ ಓಪನ್ ಸೋರ್ಸ್, ಎಪಿಐ ಕೊಟ್ಟರೆ ಓಪನ್ ಸೋರ್ಸ್, ಎಐ ಮಾದರಿಯೊಂದನ್ನು ಡೌನ್‌ಲೋಡ್ ಮಾಡಿಕೊಳ್ಳಲು ಬಿಟ್ಟರೆ ಅದೂ ಓಪನ್ ಸೋರ್ಸ್. ಹೀಗೆ ಅರ್ಥ ಸಡಿಲವಾದಾಗ ದೊಡ್ಡ ಕಂಪನಿಗಳಿಗೆ ಆಗುವ ನಷ್ಟ ಕಡಿಮೆ. ಪ್ರತಿ ಲೈಸೆನ್ಸನ್ನೂ ಜಾಲಾಡುವ ವಕೀಲರು ಅವರ ಬಳಿ ಇದ್ದಾರೆ. ಹೆಸರನ್ನು ನಂಬಿಯೇ ಕೆಲಸ ಶುರು ಮಾಡುವ ವಿದ್ಯಾರ್ಥಿ, ಮೂರು ಜನರ ಪುಟ್ಟ ಕಂಪನಿ, ಸರ್ಕಾರಿ ಶಾಲೆಯ ಕಂಪ್ಯೂಟರ್ ಮೇಷ್ಟ್ರು, ಇಂಥವರು ಪೆಟ್ಟು ತಿನ್ನುತ್ತಾರೆ.

ಈ ಹೆಸರಿಗೆ ಹುಟ್ಟಿದ ದಿನವೂ ಇದೆ, ಬರೆದಿಟ್ಟ ವ್ಯಾಖ್ಯಾನವೂ ಇದೆ. 1998ರ ಜನವರಿಯಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಸೋರ್ಸ್ ಕೋಡನ್ನು ಬಿಟ್ಟುಕೊಡುವುದಾಗಿ ಘೋಷಿಸಿತು. ಅದಾದ ಎರಡು ವಾರದೊಳಗೆ, ಫೆಬ್ರುವರಿ 3ರಂದು, ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ನಡೆದ ಸಣ್ಣ ಸಭೆಯೊಂದರಲ್ಲಿ ಕ್ರಿಸ್ಟೀನ್ ಪೀಟರ್ಸನ್ ‘ಓಪನ್ ಸೋರ್ಸ್’ ಎಂಬ ಹೆಸರು ಸೂಚಿಸಿದರು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನು ಯೋಜನೆ ಘೋಷಿಸಿದ ದಿನದಿಂದಲೂ ‘ಫ್ರೀ ಸಾಫ್ಟ್‌ವೇರ್’ ಎಂಬ ಮಾತು ಬಳಕೆಯಲ್ಲಿತ್ತು. ಆದರೆ ಅದನ್ನು ಕೇಳಿದ ಉದ್ಯಮಿಗಳು ‘ಬಿಟ್ಟಿ ಸಾಮಾನು’ ಎಂದೇ ತಿಳಿಯುತ್ತಿದ್ದರು. ಹೊಸ ಹೆಸರು ಬೇಕಾದದ್ದು ಅದಕ್ಕೆ. ಎರಿಕ್ ರೇಮಂಡ್ ಮತ್ತು ಬ್ರೂಸ್ ಪೆರೆನ್ಸ್ ಸೇರಿ ಅದೇ ತಿಂಗಳು ಓಪನ್ ಸೋರ್ಸ್ ಇನಿಶಿಯೇಟಿವ್ ಎಂಬ ಸಂಸ್ಥೆ ಕಟ್ಟಿದರು. ಡೆಬಿಯನ್ ಎಂಬ ಲಿನಕ್ಸ್ ಬಳಗಕ್ಕಾಗಿ ಪೆರೆನ್ಸ್ ಹಿಂದಿನ ವರ್ಷ ರೂಪಿಸಿದ್ದ ಮಾರ್ಗಸೂಚಿಯಿಂದ ಡೆಬಿಯನ್‌ನ ಹೆಸರು ತೆಗೆದು ಅದನ್ನೇ ಓಪನ್ ಸೋರ್ಸ್ ವ್ಯಾಖ್ಯಾನವಾಗಿಸಿದರು. ಅದರಲ್ಲಿ ಈಗ ಹತ್ತು ಅಂಶಗಳಿವೆ.

ಹತ್ತನ್ನೂ ಇಲ್ಲಿ ಪಟ್ಟಿ ಮಾಡುವ ಅಗತ್ಯವಿಲ್ಲ. ಕೋಡ್ ಕೈಗೆ ಸಿಗಬೇಕು, ಅದನ್ನು ತಿದ್ದಲು ಮತ್ತು ತಿದ್ದಿದ್ದನ್ನು ಹಂಚಲು ಅವಕಾಶವಿರಬೇಕು, ಹಂಚುವವರಿಂದ ರಾಯಧನ ಕೇಳಬಾರದು. ಇವು ಬಹಳ ಮಂದಿಗೆ ಗೊತ್ತಿರುವ ಅಂಶಗಳು. ಜನ ಮರೆಯುವುದು, ಕಂಪನಿಗಳು ಜಾರಿಕೊಳ್ಳುವುದು ಐದನೇ ಮತ್ತು ಆರನೇ ಅಂಶಗಳಲ್ಲಿ. ಯಾವ ವ್ಯಕ್ತಿಗೂ ಗುಂಪಿಗೂ ಭೇದ ಮಾಡಬಾರದು ಎನ್ನುತ್ತದೆ ಐದನೆಯದು. ಯಾವ ಉದ್ದೇಶದ ಬಳಕೆಗೂ ತಡೆ ಹಾಕಬಾರದು ಎನ್ನುತ್ತದೆ ಆರನೆಯದು. ‘ವ್ಯಾಪಾರಕ್ಕೆ ಬಳಸುವಂತಿಲ್ಲ’ ಎಂದು ಬರೆದರೆ ಅದು ಓಪನ್ ಸೋರ್ಸ್ ಅಲ್ಲ. ‘ನಮ್ಮ ಪ್ರತಿಸ್ಪರ್ಧಿಗಳು ಬಳಸುವಂತಿಲ್ಲ’ ಎಂದರೂ ಅಲ್ಲ.

ಒಳ್ಳೆಯ ಉದ್ದೇಶದಿಂದ ಹಾಕಿದ ತಡೆಯನ್ನೂ ಈ ವ್ಯಾಖ್ಯಾನ ಒಪ್ಪುವುದಿಲ್ಲ, ಮತ್ತು ಅದಕ್ಕೆ ಗಟ್ಟಿ ಕಾರಣವಿದೆ. ವರ್ಣಭೇದ ನೀತಿ ಜಾರಿಯಲ್ಲಿದ್ದ ಕಾಲದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತನ್ನ ಎಲೆಕ್ಟ್ರಾನಿಕ್ಸ್ ವಿನ್ಯಾಸದ ತಂತ್ರಾಂಶವೊಂದನ್ನು ದಕ್ಷಿಣ ಆಫ್ರಿಕಾದ ಪೊಲೀಸರು ಬಳಸಬಾರದೆಂದು ಲೈಸೆನ್ಸ್‌ನಲ್ಲಿ ಬರೆದಿತ್ತು. ಆಗ ಅದು ನ್ಯಾಯವಾದ ಸಿಟ್ಟು. ವರ್ಣಭೇದ ಹೋಯಿತು, ಷರತ್ತು ಮಾತ್ರ ಉಳಿಯಿತು. ಹೊಸ ದಕ್ಷಿಣ ಆಫ್ರಿಕಾದ ಪೊಲೀಸರಿಗೂ ಅದು ಅನ್ವಯಿಸುತ್ತಿತ್ತು. ಈ ಉದಾಹರಣೆಯನ್ನು ಪೆರೆನ್ಸ್ ಅವರೇ ಕೊಡುತ್ತಾರೆ. ಇನ್ನೊಂದು ಡಗ್ಲಸ್ ಕ್ರಾಕ್‌ಫರ್ಡ್ ಅವರದು. ಇಂದು ಬಹುತೇಕ ಎಲ್ಲ ಆ್ಯಪ್‌ಗಳೂ ಮಾಹಿತಿ ಸಾಗಿಸಲು ಬಳಸುವ ಜೇಸನ್ ಎಂಬ ರೂಪವನ್ನು ಜನಪ್ರಿಯಗೊಳಿಸಿದವರು ಅವರು. ತಮ್ಮ ಕೋಡಿನ ಲೈಸೆನ್ಸ್‌ಗೆ, ಇದನ್ನು ಒಳಿತಿಗೆ ಬಳಸಬೇಕೇ ಹೊರತು ಕೆಡುಕಿಗಲ್ಲ ಎಂಬ ಒಂದು ಸಾಲು ಸೇರಿಸಿದ್ದರು. ಆ ಒಂದೇ ಸಾಲಿನ ದೆಸೆಯಿಂದ ಡೆಬಿಯನ್ ಅದನ್ನು ತನ್ನ ಭಂಡಾರಕ್ಕೆ ಸೇರಿಸಲಿಲ್ಲ, 2016ರಲ್ಲಿ ಅಪಾಚೆ ಫೌಂಡೇಶನ್ ಕೂಡ ತನ್ನ ಯೋಜನೆಗಳಲ್ಲಿ ಆ ಲೈಸೆನ್ಸ್ ಬೇಡವೆಂದಿತು. ಕೆಡುಕು ಯಾವುದೆಂದು ತೀರ್ಮಾನಿಸುವವರು ಯಾರು? ಕಸಾಯಿಖಾನೆಯ ಲೆಕ್ಕ ಬರೆಯುವ ತಂತ್ರಾಂಶ ಒಬ್ಬರಿಗೆ ಕೆಡುಕು, ಇನ್ನೊಬ್ಬರಿಗೆ ಹೊಟ್ಟೆಪಾಡು. ಇಂದಿನ ಒಂದು ಸಾಧಾರಣ ಆ್ಯಪ್‌ನೊಳಗೆ ನೂರಾರು ಜನರ ಕೋಡ್ ತುಣುಕುಗಳಿರುತ್ತವೆ. ಒಬ್ಬೊಬ್ಬರೂ ತಮಗೆ ಸರಿ ಕಂಡ ಒಂದು ನಿಷೇಧ ಸೇರಿಸಿದರೆ, ಎಲ್ಲವನ್ನೂ ಪಾಲಿಸಿ ಆ್ಯಪ್ ಕಟ್ಟುವುದು ಯಾರಿಂದಲೂ ಆಗದು.

ಹಣದ ಮಾತನ್ನು ಬೇಗ ಮುಗಿಸೋಣ. ಶೇಷಾದ್ರಿ ವಾಸು ಅವರ ‘ಬರಹ’ ಹಲವು ವರ್ಷ ಉಚಿತವಾಗಿ ಸಿಗುತ್ತಿತ್ತು. ಕಂಪ್ಯೂಟರಿನಲ್ಲಿ ಮೊದಲ ಕನ್ನಡ ಅಕ್ಷರ ಮೂಡಿಸಿದ್ದು ಅದರಲ್ಲೇ ಎನ್ನುವವರು ಲೋಕದ ತುಂಬ ಇದ್ದಾರೆ, ಆ ಋಣ ದೊಡ್ಡದು. ಆದರೆ ಉಚಿತವಾಗಿದ್ದಾಗಲೂ ಅದು ಓಪನ್ ಸೋರ್ಸ್ ಆಗಿರಲಿಲ್ಲ. ಮುಂದೆ ಅದನ್ನು ಹಣಕ್ಕೆ ಮಾರಲು ಅದರ ಕರ್ತೃವಿಗೆ ಪೂರ್ಣ ಹಕ್ಕಿತ್ತು. ಇನ್ನೊಂದು ಕಡೆ ರೆಡ್ ಹ್ಯಾಟ್ ಕಂಪನಿ ಓಪನ್ ಸೋರ್ಸ್ ತಂತ್ರಾಂಶದ ಮೇಲೆಯೇ ವ್ಯಾಪಾರ ಕಟ್ಟಿತು; 2019ರಲ್ಲಿ ಐಬಿಎಂ ಅದನ್ನು 34 ಶತಕೋಟಿ ಡಾಲರಿಗೆ ಕೊಂಡಿತು.

ಓಪನ್ ಸೋರ್ಸ್ ಎಂದರೆ ಯಾವ ಕಟ್ಟುಪಾಡೂ ಇಲ್ಲ ಎಂಬ ತಪ್ಪು ತಿಳಿವಳಿಕೆಯೂ ಅಷ್ಟೇ ವ್ಯಾಪಕ. ಎಂಐಟಿ, ಬಿಎಸ್‌ಡಿ, ಅಪಾಚೆ ಲೈಸೆನ್ಸ್‌ಗಳು ಸಲೀಸು. ಮೂಲ ಕರ್ತೃವಿನ ಹೆಸರು ಮತ್ತು ಲೈಸೆನ್ಸಿನ ಪ್ರತಿ ಉಳಿಸಿಕೊಂಡರೆ ಹೆಚ್ಚುಕಡಿಮೆ ಮುಗಿಯಿತು. ಜಿಪಿಎಲ್ ಹಾಗಲ್ಲ. ಅದರ ಅಡಿಯ ತಂತ್ರಾಂಶವನ್ನು ತಿದ್ದಿ ಇತರರಿಗೆ ಕೊಟ್ಟರೆ ತಿದ್ದಿದ ಕೋಡನ್ನೂ ಕೊಡಬೇಕು. 2003ರಲ್ಲಿ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ವೈಫೈ ರೌಟರ್‌ನ ಒಳಗೆ ಲಿನಕ್ಸ್ ಇರುವುದನ್ನು ಬಳಕೆದಾರರು ಪತ್ತೆ ಹಚ್ಚಿದರು. ಕೋಡ್ ಕೊಡಿ ಎಂದು ಪಟ್ಟು ಹಿಡಿದರು, ಕಂಪನಿ ಕೊಡಬೇಕಾಯಿತು. ಆ ಕೋಡಿನಿಂದ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ತಯಾರಕರು ಕೈಬಿಟ್ಟ ಹಳೆಯ ರೌಟರುಗಳಿಗೂ ಅದು ಇಂದಿಗೂ ಹೊಸ ಜೀವ ಕೊಡುತ್ತಿದೆ. ಕೋಡ್ ಕೊಟ್ಟೂ ತಿದ್ದಿದ ಆವೃತ್ತಿ ಓಡದಂತೆ ಯಂತ್ರಕ್ಕೆ ಬೀಗ ಹಾಕುವ ಹೊಸ ಚಾಳಿ ಶುರುವಾದಾಗ ಜಿಪಿಎಲ್‌ನ ಮೂರನೇ ಆವೃತ್ತಿ ಬೇಕಾಯಿತು. ಅದರ ಕರಡನ್ನು ಚರ್ಚಿಸಿದ ನಾಲ್ಕನೇ ಅಂತರರಾಷ್ಟ್ರೀಯ ಸಮ್ಮೇಳನ 2006ರ ಆಗಸ್ಟ್‌ನಲ್ಲಿ ನಡೆದದ್ದು ಬೆಂಗಳೂರಿನ ಐಐಎಂನಲ್ಲಿ. ಜಗತ್ತಿನ ಅಸಂಖ್ಯ ಯಂತ್ರಗಳನ್ನು ಆಳುವ ಕಾನೂನು ಪಠ್ಯವೊಂದು ನಮ್ಮ ಬನ್ನೇರುಘಟ್ಟ ರಸ್ತೆಯಲ್ಲೂ ಚರ್ಚೆಗೆ ಒಳಗಾಗಿತ್ತು ಎಂಬುದನ್ನು ಬೆಂಗಳೂರು ಇನ್ನಷ್ಟು ಹೆಮ್ಮೆಯಿಂದ ನೆನೆಯಬೇಕು.

ಈಗಿನ ಜಗಳಕ್ಕೆ ಬರೋಣ. ಕ್ಲೌಡ್ ಬಂದ ಮೇಲೆ ಒಂದು ನಿಜವಾದ ಕಷ್ಟ ಹುಟ್ಟಿಕೊಂಡಿತು. ಸಣ್ಣ ಕಂಪನಿಯೊಂದು ವರ್ಷಗಟ್ಟಲೆ ದುಡಿದು ಒಂದು ಡೇಟಾಬೇಸ್ ಕಟ್ಟಿ ಓಪನ್ ಸೋರ್ಸ್ ಆಗಿ ಬಿಡುತ್ತದೆ. ದೈತ್ಯ ಕ್ಲೌಡ್ ಕಂಪನಿ ಅದನ್ನು ತನ್ನ ಸರ್ವರುಗಳಲ್ಲಿ ನಿಲ್ಲಿಸಿ ತಿಂಗಳ ಬಾಡಿಗೆಗೆ ಮಾರುತ್ತದೆ. ಕಟ್ಟಿದವರಿಗೆ ಕಾಸಿಲ್ಲ. ಲೈಸೆನ್ಸ್ ಪ್ರಕಾರ ಇದರಲ್ಲಿ ತಪ್ಪೇನೂ ಇಲ್ಲ, ಕಟ್ಟಿದವರ ಸಂಕಟ ಮಾತ್ರ ಸುಳ್ಳಲ್ಲ. 2018ರ ಅಕ್ಟೋಬರಿನಲ್ಲಿ ಮೊಂಗೊಡಿಬಿ ಕಂಪನಿ ಎಸ್‌ಎಸ್‌ಪಿಎಲ್ ಎಂಬ ಹೊಸ ಲೈಸೆನ್ಸ್ ಬರೆದುಕೊಂಡಿತು. ಈ ತಂತ್ರಾಂಶವನ್ನು ಸೇವೆಯಾಗಿ ಮಾರುವವರು ಆ ಸೇವೆ ನಡೆಸಲು ಬಳಸುವ ತಮ್ಮ ಎಲ್ಲ ಕೋಡನ್ನೂ ಬಿಟ್ಟುಕೊಡಬೇಕು ಎಂಬುದು ಅದರ ಷರತ್ತು. ಓಪನ್ ಸೋರ್ಸ್ ಇನಿಶಿಯೇಟಿವ್‌ನ ಮನ್ನಣೆಗೆ ಅರ್ಜಿಯನ್ನೂ ಹಾಕಿತು. ವಿರೋಧ ಕಂಡು 2019ರಲ್ಲಿ ಹಿಂತೆಗೆದುಕೊಂಡಿತು. 2021ರಲ್ಲಿ ಎಲಾಸ್ಟಿಕ್ ಕಂಪನಿ ಅಪಾಚೆ ಲೈಸೆನ್ಸ್ ಬಿಟ್ಟು ಇದೇ ದಾರಿ ಹಿಡಿದಾಗ ಅಮೆಜಾನ್ ಹಳೆಯ ಕೋಡಿನಿಂದ ಓಪನ್‌ಸರ್ಚ್ ಎಂಬ ಕವಲು ತೆಗೆಯಿತು.

2023ರ ಆಗಸ್ಟ್ 10ರಂದು ಹ್ಯಾಶಿಕಾರ್ಪ್ ಕಂಪನಿ ತನ್ನ ಟೆರಾಫಾರ್ಮ್ ಮೊದಲಾದ ಉತ್ಪನ್ನಗಳಿಗೆ ಮೊಜಿಲ್ಲಾ ಲೈಸೆನ್ಸ್ ಬಿಟ್ಟು ಬಿಸಿನೆಸ್ ಸೋರ್ಸ್ ಲೈಸೆನ್ಸ್ ಹಾಕಿತು. ಕ್ಲೌಡ್ ಮೇಲಿನ ಸರ್ವರುಗಳನ್ನು ಕೋಡ್ ಬರೆದು ಸಜ್ಜುಗೊಳಿಸುವ ಸಾಧನ ಟೆರಾಫಾರ್ಮ್. ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಅದರ ಹೆಸರು ಕೇಳದವರು ಕಡಿಮೆ. ಆ ಹೊಸ ಲೈಸೆನ್ಸ್ ಕಡತ ತೆರೆದು ನೋಡಿದರೆ ಮೇಲ್ಭಾಗದಲ್ಲಿ ಅರ್ಜಿ ನಮೂನೆಯಂತೆ ತುಂಬಿದ ಕೆಲವು ಸಾಲುಗಳಿವೆ: ಲೈಸೆನ್ಸ್ ಕೊಡುವವರು ಯಾರು, ಯಾವ ತಂತ್ರಾಂಶಕ್ಕೆ, ಹೆಚ್ಚುವರಿಯಾಗಿ ಕೊಟ್ಟ ಅನುಮತಿ ಏನು, ಬದಲಾವಣೆಯ ದಿನ ಯಾವುದು, ಆ ದಿನದ ನಂತರ ಯಾವ ಲೈಸೆನ್ಸ್. ಕೋಡ್ ಪೂರ್ತಿ ಕಾಣುತ್ತದೆ. ಓದಬಹುದು, ತಿದ್ದಬಹುದು, ನಿಮ್ಮ ಕಂಪನಿಯ ಕೆಲಸಕ್ಕೆ ಬಳಸಬಹುದು. ಆದರೆ ಹ್ಯಾಶಿಕಾರ್ಪ್‌ಗೆ ಪೈಪೋಟಿಯಾಗುವ ಸೇವೆಯಾಗಿ ಇತರರಿಗೆ ಕೊಡುವಂತಿಲ್ಲ. ಪ್ರಕಟವಾದ ನಾಲ್ಕು ವರ್ಷಕ್ಕೆ ಆ ಆವೃತ್ತಿ ಮೊಜಿಲ್ಲಾ ಲೈಸೆನ್ಸಿಗೆ ಮರಳುತ್ತದೆ.

ಉದಾರವಾದ ಷರತ್ತುಗಳೇ ಎನ್ನಿಸಬಹುದು. ಎಚ್‌ಎಸ್‌ಆರ್ ಲೇಔಟಿನಲ್ಲಿ ಕೂತು, ಗ್ರಾಹಕರ ಸರ್ವರುಗಳನ್ನು ಟೆರಾಫಾರ್ಮ್‌ನಿಂದ ನೋಡಿಕೊಳ್ಳುವ ಸೇವೆ ಶುರು ಮಾಡಿದ ಮೂವರು ಹುಡುಗರನ್ನು ಕಲ್ಪಿಸಿಕೊಳ್ಳಿ. ತಾವು ಪೈಪೋಟಿಗಾರರೋ ಅಲ್ಲವೋ? ಇವತ್ತು ಅಲ್ಲದಿದ್ದರೂ, ನಾಳೆ ಆ ಕಂಪನಿ ಇದೇ ಬಗೆಯ ಸೇವೆ ಹೊರತಂದರೆ? ಸಂಶಯವಿದ್ದರೆ ತಮಗೆ ಇಮೇಲ್ ಬರೆದು ಕೇಳಿ ಎಂಬ ಉತ್ತರ ಕಂಪನಿಯಿಂದ ಸಿಗುತ್ತದೆ. ಅಲ್ಲಿಗೆ ಕೇಳುವ ಪ್ರಸಂಗ ಬಂತು. ಅದು ಬಂದ ಕ್ಷಣ ಓಪನ್ ಸೋರ್ಸ್ ಮುಗಿಯಿತು. ಮಾರಿಯಾಡಿಬಿ ಎಂಬ ಡೇಟಾಬೇಸ್ ಕಂಪನಿಯವರು ರೂಪಿಸಿದ ಈ ಲೈಸೆನ್ಸಿನ ಪಠ್ಯವೇ ತಾನು ಓಪನ್ ಸೋರ್ಸ್ ಲೈಸೆನ್ಸ್ ಅಲ್ಲವೆಂದು ನೇರವಾಗಿ ಹೇಳುತ್ತದೆ. ಅಷ್ಟು ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಟೆರಾಫಾರ್ಮ್‌ನ ಹಳೆಯ ಕೋಡಿನಿಂದ ತಿಂಗಳೊಳಗೆ ಕವಲೊಡೆದ ಓಪನ್‌ಟೋಫು ಇಂದು ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿದೆ.

ಕಂಪನಿಗಳು ಹೀಗೆ ಮಾಡಬಾರದೆಂದು ಯಾರೂ ಹೇಳಲಾರರು. ಕೋಡ್ ಅವರದು, ಲೈಸೆನ್ಸ್ ಅವರ ಇಷ್ಟ. ತೊಂದರೆ ಇರುವುದು ಹೆಸರಿನಲ್ಲಿ. ರಾಷ್ಟ್ರಧ್ವಜದ ವಿಚಾರ ನೋಡಿ: ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ತಯಾರಾಗುತ್ತದೆ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದುಪಡಿಯಾದ ಮೇಲೆ ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರ್ ಧ್ವಜವೂ ಕಾನೂನುಬದ್ಧ. ಹಾಗೆಂದು ಪಾಲಿಯೆಸ್ಟರನ್ನು ಯಾರೂ ಖಾದಿ ಎಂದು ಕರೆಯುವುದಿಲ್ಲ. ಕರೆದರೆ ನೂಲುವವರಿಗೂ ಕೊಳ್ಳುವವರಿಗೂ ಅನ್ಯಾಯ. ನಿರ್ಬಂಧಿತ ಲೈಸೆನ್ಸ್‌ಗಳಿಗೆ ‘ಸೋರ್ಸ್ ಅವೈಲಬಲ್’ ಎಂಬ ಹೆಸರಿದೆ. ‘ಫೇರ್ ಸೋರ್ಸ್’ ಎಂಬುದೂ ಈಚೆಗೆ ಬಂದಿದೆ. ಆ ಹೆಸರುಗಳಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಖಾದಿಗೆ ಇರುವಂಥ ಕಾನೂನಿನ ಕಾವಲು ಓಪನ್ ಸೋರ್ಸ್‌ಗೆ ಇಲ್ಲ. ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸುವ ಪ್ರಯತ್ನ 1999ರಲ್ಲೇ ಬಿದ್ದುಹೋಯಿತು. ಅದು ತೀರಾ ವರ್ಣನಾತ್ಮಕ ಪದ ಎಂಬ ಕಾರಣಕ್ಕೆ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬಳಗದ ರೂಢಿಯೊಂದೇ ಅದನ್ನು ಕಾಯ್ದಿದೆ. ಆದರೂ ನ್ಯಾಯಾಲಯ ಒಮ್ಮೆ ಈ ವಿಚಾರಕ್ಕೆ ಕೈಹಾಕಿದೆ. ನಿಯೋ4ಜೆ ಕಂಪನಿ ತನ್ನ ಡೇಟಾಬೇಸನ್ನು ಜಿಪಿಎಲ್ ಕುಟುಂಬದ ಎಜಿಪಿಎಲ್ ಜೊತೆಗೆ ‘ಕಾಮನ್ಸ್ ಕ್ಲಾಜ್’ ಎಂಬ ಮಾರಾಟ ನಿಷೇಧದ ಷರತ್ತು ಸೇರಿಸಿ ಕೊಟ್ಟಿತ್ತು. ಇನ್ನೊಂದು ಕಂಪನಿ ಆ ಷರತ್ತನ್ನು ತಾನೇ ಕಿತ್ತುಹಾಕಿ, ಅದೇ ಕೋಡಿನ ತನ್ನ ಆವೃತ್ತಿಯನ್ನು ಪೂರ್ತಿ ಓಪನ್ ಸೋರ್ಸ್ ಎಂದು ಪ್ರಚಾರ ಮಾಡಿತು. ಷರತ್ತು ತೆಗೆಯುವ ಅಧಿಕಾರ ಅದಕ್ಕಿರಲಿಲ್ಲವಾದ್ದರಿಂದ ಆ ಪ್ರಚಾರ ಸುಳ್ಳು ಜಾಹೀರಾತು ಎಂದು ಕ್ಯಾಲಿಫೋರ್ನಿಯಾದ ಜಿಲ್ಲಾ ನ್ಯಾಯಾಲಯ ಹೇಳಿತು, 2022ರ ಫೆಬ್ರುವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೊಳ್ಳುವವರ ತೀರ್ಮಾನವನ್ನೇ ಬದಲಿಸಬಲ್ಲಷ್ಟು ತೂಕ ಈ ಪದಕ್ಕಿದೆ ಎಂದು ಒಪ್ಪಿದಂತಾಯಿತು.

ಎಐ ಬಂದ ಮೇಲೆ ಗೊಂದಲ ಇಮ್ಮಡಿಯಾಗಿದೆ. 2023ರ ಜುಲೈನಲ್ಲಿ ಮೆಟಾ ಕಂಪನಿ ಲಾಮಾ 2 ಎಂಬ ಭಾಷಾ ಮಾದರಿಯನ್ನು ಓಪನ್ ಸೋರ್ಸ್ ಎಂದೇ ಹೇಳಿ ಬಿಡುಗಡೆ ಮಾಡಿತು. ಅದರ ಲೈಸೆನ್ಸ್‌ನಲ್ಲಿ, ತಿಂಗಳಿಗೆ 70 ಕೋಟಿಗಿಂತ ಹೆಚ್ಚು ಬಳಕೆದಾರರಿರುವ ಕಂಪನಿಗಳು ಪ್ರತ್ಯೇಕ ಅನುಮತಿ ಕೇಳಬೇಕು ಎಂದಿತ್ತು. ಯಾವುದಕ್ಕೆಲ್ಲ ಬಳಸಬಾರದೆಂಬ ಪಟ್ಟಿಯೂ ಇತ್ತು. ಮುಂದೆ ಬಂದ ಲಾಮಾ 3.2ರ ಚಿತ್ರ ಗ್ರಹಿಸಬಲ್ಲ ಮಾದರಿಗಳ ಹಕ್ಕನ್ನು ಯುರೋಪಿಯನ್ ಒಕ್ಕೂಟದಲ್ಲಿ ನೆಲೆಸಿದವರಿಗೆ ಕೊಡಲೇ ಇಲ್ಲ. 70 ಕೋಟಿ ಬಳಕೆದಾರರು ನಮಗೆಲ್ಲಿಂದ ಬರಬೇಕು ಎಂದು ಸಣ್ಣವರು ಆ ಸಾಲನ್ನು ದಾಟಿಬಿಡಬಹುದು. ಆದರೆ ಐದನೇ ಅಂಶವೂ ಆರನೇ ಅಂಶವೂ ಮುರಿದದ್ದು ಅಲ್ಲಿಯೇ. ಇಂಥವುಗಳಿಗೆ ‘ಓಪನ್ ವೆಯ್ಟ್’ ಎಂಬ ಮಾತು ಹೆಚ್ಚು ಹೊಂದುತ್ತದೆ. ತರಬೇತಿಯ ನಂತರ ಮಾದರಿಯೊಳಗೆ ಉಳಿಯುವ ಕೋಟ್ಯಂತರ ಅಂಕಿಗಳಷ್ಟೇ ನಮಗೆ ಸಿಗುತ್ತವೆ. ಯಾವ ಪಠ್ಯ ಓದಿಸಿ ಅದನ್ನು ಬೆಳೆಸಿದರು, ಅದರಲ್ಲಿ ಕನ್ನಡ ಎಷ್ಟಿತ್ತು, ಎಂಥ ಕನ್ನಡ ಎಂಬುದು ತಿಳಿಯುವುದಿಲ್ಲ. ಮಾದರಿ ಕನ್ನಡದಲ್ಲಿ ತಪ್ಪಿದಾಗ ಬೇರನ್ನು ಹುಡುಕಿ ತಿದ್ದುವ ಹಾದಿಯೇ ಇರುವುದಿಲ್ಲ. ಕಡಿಮೆ ಪಠ್ಯವಿರುವ ನಮ್ಮಂಥ ಭಾಷೆಗಳಿಗೆ ಇದು ಬರೀ ತಾತ್ವಿಕ ಚರ್ಚೆಯಲ್ಲ.

ಓಪನ್ ಸೋರ್ಸ್ ಇನಿಶಿಯೇಟಿವ್ 2024ರ ಅಕ್ಟೋಬರಿನಲ್ಲಿ ಎಐಗೆಂದೇ ಪ್ರತ್ಯೇಕ ವ್ಯಾಖ್ಯಾನ ಪ್ರಕಟಿಸಿತು. ಅಂಕಿಗಳು, ತರಬೇತಿಯ ಕೋಡ್, ಬಳಸಿದ ದತ್ತಾಂಶದ ಕುರಿತು ಸಾಕಷ್ಟು ವಿವರ, ಈ ಮೂರೂ ಬೇಕು ಎನ್ನುತ್ತದೆ ಅದು. ವಿವರ ಸಾಲದು, ದತ್ತಾಂಶವನ್ನೇ ಕೊಡಬೇಕು ಎಂದು ವಾದಿಸುವವರಿದ್ದಾರೆ, ನನ್ನ ಒಲವೂ ಅವರ ಕಡೆಗೇ. ಅದು ಅಸಾಧ್ಯವೇನಲ್ಲ: ಅಮೆರಿಕದ ಆಲೆನ್ ಎಐ ಸಂಸ್ಥೆ ತನ್ನ ಓಲ್ಮೊ ಮಾದರಿಗಳ ಜೊತೆ ತರಬೇತಿಯ ದತ್ತಾಂಶವನ್ನೂ ಹೊರಗಿಟ್ಟಿದೆ.

ನಮ್ಮಲ್ಲಿ ಸರ್ಕಾರದ ಕಾಗದ ಸರಿಯಾಗಿಯೇ ಇದೆ. ಕೇಂದ್ರ ಸರ್ಕಾರದ 2015ರ ಓಪನ್ ಸೋರ್ಸ್ ನೀತಿ, ಕೋಡನ್ನು ಓದಲು, ತಿದ್ದಲು, ಮೂಲವನ್ನೂ ತಿದ್ದಿದ್ದನ್ನೂ ಹಂಚಲು ಅವಕಾಶವಿರಬೇಕು, ರಾಯಧನ ಇರಬಾರದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಆಚರಣೆಗೆ ಬಂದಾಗ ಮಾತು ಮಸುಕಾಗುತ್ತದೆ. ಕೊರೊನಾ ಕಾಲದ ಆರೋಗ್ಯ ಸೇತು ಆ್ಯಪ್‌ನ ಆಂಡ್ರಾಯ್ಡ್ ಕೋಡ್ 2020ರ ಮೇ 26ರಂದು ಅಪಾಚೆ ಲೈಸೆನ್ಸಿನಡಿ ಹೊರಬಂತು. ಅದು ಸ್ವಾಗತಾರ್ಹ ಹೆಜ್ಜೆ. ಆದರೆ ನಮ್ಮ ಮಾಹಿತಿ ಹೋಗಿ ಸೇರುತ್ತಿದ್ದ ಸರ್ವರಿನ ಕೋಡ್ ಅಂದು ಬರಲಿಲ್ಲ. ಯುಪಿಐಯನ್ನು ಓಪನ್ ಸೋರ್ಸ್ ಎನ್ನುವವರಿದ್ದಾರೆ. ಬೇರೆ ಬೇರೆ ಕಂಪನಿಗಳ ಆ್ಯಪ್‌ಗಳು ಒಂದೇ ವ್ಯವಸ್ಥೆಗೆ ಬಂದು ಸೇರಬಹುದಾದ್ದು ಅದರ ದೊಡ್ಡ ಗುಣ. ಆ ವ್ಯವಸ್ಥೆಯನ್ನು ನಡೆಸುವ ಕೋಡ್ ಮಾತ್ರ ಯಾರ ಕೈಗೂ ಸಿಗುವುದಿಲ್ಲ. ಇದಕ್ಕೆ ಎದುರಾಗಿ, ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಶುರುವಾದ ಮೋಸಿಪ್ ಯೋಜನೆಯನ್ನು ನೋಡಿ. ದೇಶವೊಂದು ತನ್ನ ಪ್ರಜೆಗಳಿಗೆ ಗುರುತಿನ ಸಂಖ್ಯೆ ಕೊಡಲು ಬೇಕಾದ ತಂತ್ರಾಂಶ ಅದು. ಮೊಜಿಲ್ಲಾ ಲೈಸೆನ್ಸ್ 2.0ರ ಅಡಿಯಲ್ಲಿ ಸಿಗುತ್ತದೆ. ಫಿಲಿಪ್ಪೀನ್ಸ್, ಮೊರೊಕ್ಕೊ, ಇಥಿಯೋಪಿಯಾದಂಥ ದೇಶಗಳು ಅದನ್ನು ಆರಿಸಿಕೊಂಡಿವೆ. ಓಪನ್ ಸೋರ್ಸ್ ಎಂಬ ಹೆಸರಿಗೆ ಅದು ತಕ್ಕುದು.

ಹೆಸರು ಕಳೆದುಕೊಂಡವರು ಅದರ ಬೆಲೆ ಅರಿತದ್ದೂ ಉಂಟು. ರೆಡಿಸ್ ಎಂಬ ಜನಪ್ರಿಯ ಡೇಟಾಬೇಸ್ 2024ರ ಮಾರ್ಚ್‌ನಲ್ಲಿ ಬಿಎಸ್‌ಡಿ ಲೈಸೆನ್ಸ್ ಬಿಟ್ಟಿತು. ಕೆಲವೇ ದಿನಗಳಲ್ಲಿ ಅದರ ಹಳೆಯ ಕೋಡಿನಿಂದ ವಾಲ್ಕಿ ಹುಟ್ಟಿತು; ಫೆಡೋರಾ ಲಿನಕ್ಸ್ ರೆಡಿಸ್ ಜಾಗಕ್ಕೆ ವಾಲ್ಕಿಯನ್ನು ತಂದಿತು. ಎಲಾಸ್ಟಿಕ್ 2024ರ ಆಗಸ್ಟ್‌ನಲ್ಲಿ, ರೆಡಿಸ್ 2025ರ ಮೇನಲ್ಲಿ ಎಜಿಪಿಎಲ್ ಸೇರಿಸಿ ಓಪನ್ ಸೋರ್ಸ್‌ಗೆ ಮರಳಿದವು. ಬಿಟ್ಟುಹೋದವರೆಲ್ಲ ಅವುಗಳ ಜೊತೆ ಮರಳಿಲ್ಲ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳುವುದಿದೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ಗಿಟ್‌ಹಬ್‌ಗೆ ಏರಿಸಿ ‘ಓಪನ್ ಸೋರ್ಸ್ ಮಾಡಿದ್ದೇನೆ’ ಎಂದುಕೊಳ್ಳುವವರಿದ್ದಾರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಸಾಲಿಗೆ ಸೇರುತ್ತದೆ. ಲೈಸೆನ್ಸ್ ಕಡತವಿಲ್ಲದಿದ್ದರೆ ಎಲ್ಲ ಹಕ್ಕೂ ಬರೆದವರಲ್ಲೇ ಉಳಿಯುತ್ತವೆ, ಅಂದರೆ ನಿಮ್ಮ ಕೋಡನ್ನು ಇನ್ನೊಬ್ಬರು ತಮ್ಮ ಕೆಲಸಕ್ಕೆ ತೆಗೆದುಕೊಳ್ಳುವಂತಿಲ್ಲ. ಹೊಸ ರೆಪಾಸಿಟರಿ ತೆರೆಯುವಾಗಲೇ ಲೈಸೆನ್ಸ್ ಆರಿಸಿಕೊಳ್ಳಲು ಒಂದು ಪಟ್ಟಿ ಕೊಟ್ಟಿರುತ್ತಾರೆ. ಯಾರು ಹೇಗೆ ಬೇಕಾದರೂ ಬಳಸಲಿ ಎಂದಿದ್ದರೆ ಎಂಐಟಿ ಸಾಕು, ಅದನ್ನು ಓದಲು ಎರಡು ನಿಮಿಷ ಹಿಡಿಯುವುದಿಲ್ಲ. ತಿದ್ದಿದವರೂ ಹಂಚಿಕೊಳ್ಳಲೇಬೇಕು ಎಂದಿದ್ದರೆ ಜಿಪಿಎಲ್ 3. ಇಲಾಖೆಗಳಲ್ಲಿ ಟೆಂಡರ್ ಬರೆಯುವವರೂ ‘ಓಪನ್ ಸೋರ್ಸ್ ಆಗಿರತಕ್ಕದ್ದು’ ಎಂದು ಬರೆದು ಬಿಡಬಾರದು. ಓಪನ್ ಸೋರ್ಸ್ ಇನಿಶಿಯೇಟಿವ್ ಒಪ್ಪಿದ ಲೈಸೆನ್ಸ್ ಯಾವುದು, ಅದರ ಎಷ್ಟನೇ ಆವೃತ್ತಿ, ಸರ್ವರಿನ ಕೋಡಿಗೂ ಅದು ಅನ್ವಯಿಸುತ್ತದೆಯೇ ಎಂಬ ಮೂರು ಸಾಲು ಸೇರಿಸಬೇಕು.